ಆಯಿಯ ಒಪ್ಪತ್ತಿನೂಟ

“ಇನ್ನೂ ಎಷ್ಟೊತ್ತ, ಆಯೀ?” ತ್ರಿಶಲಾ ಕಾಲು ಕುಟ್ಟಿದಳು.

ಆಯಿ ಎಂದರೆ ಅವಳ ಅಜ್ಜಿ, ಚಂಪಾಬಾಯಿ. ಬೆಳಗಾವಿ ಕೋಟೆಯೊಳಗೆ, ಬಸದಿಯ ಹತ್ತಿರ ಬೇವಿನ ಮರದ ಕೆಳಗೆ ಕೂತು, ತಂಬಿಗೆಯ ಬಾಯಿಗೆ ಬಿಳಿ ಬಟ್ಟೆ ಹಿಡಿದು ನೀರು ಸೋಸುತ್ತಿದ್ದಳು. ನೀರು ಸಣ್ಣಗೆ ಇಳಿಯುತ್ತಿತ್ತು. ಆಯಿಗೆ ಯಾವ ಅವಸರವೂ ಇರಲಿಲ್ಲ.

“ತಡಿಯವ್ವಾ. ನೀರಿಗೆ ಓಡ ಅಂತ ಹೇಳಾಕ ಬರ್ತೈತೇನ?”

“ನನಗ ದೋಸಿ ಬೇಕು!”

ತಮ್ಮೂರು ಬೀಡಿಯಿಂದ ಬೆಳಗಿನ ಬಸ್ಸಿಗೆ ಹೊರಟು, ಖಾನಾಪುರದಲ್ಲಿ ರೈಲು ಹತ್ತಿ ಬಂದಿದ್ದರು. ಎಂಜಿನ್ನಿನ ಮಸಿ ಇನ್ನೂ ತ್ರಿಶಲಾಳ ಫ್ರಾಕಿನ ಮೇಲಿತ್ತು. ಬೆಳಗಾವಿ ತೋರಿಸಲೆಂದೇ ಅಪ್ಪ ಪಾರೀಸ ಮನೆಮಂದಿಯನ್ನೆಲ್ಲ ಕರೆತಂದಿದ್ದ. ಆಯಿಗೆ ಬಸದಿ ನೋಡಬೇಕಿತ್ತು. ಅವ್ವನಿಗೆ ಗಣಪತಿ ಗಲ್ಲಿಯಲ್ಲಿ ಬಳೆ ಇಡಿಸಿಕೊಳ್ಳಬೇಕಿತ್ತು. ತಮ್ಮ ಉತ್ತಮನಿಗೆ ರೈಲೊಂದೇ ಸಾಕಾಗಿತ್ತು. ತ್ರಿಶಲಾಗೆ ಬೇಕಾದದ್ದು ಪೇಪರ್ ದೋಸೆ. “ಮೊಣಕೈ ತನಕಾ ಉದ್ದ ಇರ್ತೈತಿ. ಒಳಗ ಕಣ್ಣಿಟ್ರ ಆ ಕಡಿ ಕಾಣ್ತೈತಿ” ಎಂದು ಗೆಳತಿ ಸತ್ಯವ್ವ ಹೇಳಿ ಹೇಳಿ ಆಸೆ ಹಚ್ಚಿದ್ದಳು.

ಆದರೆ ಇವತ್ತು ಚತುರ್ದಶಿ. ಆಯಿಯ ಒಪ್ಪತ್ತು. ಚತುರ್ದಶಿಯ ದಿನ ಆಯಿ ಒಂದೇ ಹೊತ್ತು ಉಣ್ಣುತ್ತಿದ್ದಳು. ಅದೂ ಒಂದೇ ಕಡೆ ಕೂತು. ನಡುವೆ ಎದ್ದರೆ ಮುಗಿಯಿತು. ತಾಟಿನಲ್ಲಿ ಎಷ್ಟೇ ಉಳಿದಿರಲಿ, ಮತ್ತೆ ಊಟ ಮರುದಿನವೇ.

“ಮೊದ್ಲ ಆಯಿ ಉಣ್ಣಲಿ. ಆಮ್ಯಾಲೆ ಹೋಟೆಲ್,” ಎಂದ ಅಪ್ಪ.

“ಎಲ್ಲಾ ಆಯಿದ ಮೊದ್ಲ! ಅಷ್ಟೊತ್ತಿಗೆ ಹೋಟೆಲ್ ಬಾಗಲಾ ಹಾಕ್ತಾರ, ನೋಡ್ರಿ ಬೇಕಾದ್ರ!”

“ಹೂಂ, ನೀ ಬಂದಿದ್ದ ಗೊತ್ತಾಗಿ ಬಾಗಲಾ ಹಾಕ್ಕೊಂಡ ಓಡಿ ಹೋಗಿರಬೇಕ,” ಎಂದು ಅವ್ವ ಸೋನಾಬಾಯಿ ನಕ್ಕಳು. ಉತ್ತಮನೂ ಹಲ್ಲು ಕಿರಿದ.

ತ್ರಿಶಲಾಳ ಮೂಗು ಕೆಂಪಗಾಯಿತು. ಆಯಿ ಡಬ್ಬಿ ಬಿಚ್ಚಿ ತಾಟಿಗೆ ಮೊಸರನ್ನ ಬಡಿಸಿಕೊಂಡಳು. ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳತೊಡಗಿದಳು. ಯಾರೂ ತನ್ನನ್ನು ನೋಡುತ್ತಿಲ್ಲ ಎಂದು ತಿಳಿದದ್ದೇ ತ್ರಿಶಲಾ ಮೆಲ್ಲಗೆ ಅಲ್ಲಿಂದ ಜಾರಿದಳು.

ಸ್ವಲ್ಪ ದೂರದಲ್ಲಿ ಒಂದು ಮುರುಕು ಗೋಡೆಯಿತ್ತು. ಅದರ ಹಿಂದೆ ಹೋಗಿ ಮೊಣಕಾಲು ಅಪ್ಪಿಕೊಂಡು ಕೂತಳು. ಹುಡುಕಲಿ ಎಲ್ಲರೂ!

ಬಹಳ ಹೊತ್ತಾಗಲಿಲ್ಲ.

“ಅಪ್ಪಾ, ಅಕ್ಕ ಇಲ್ಲ!” ಉತ್ತಮನ ದನಿ.

“ತ್ರಿಶೀ! ಏ ತ್ರಿಶೀ!” ಅಪ್ಪನ ದನಿ.

ತ್ರಿಶಲಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು.

“ರೀ, ಕಂದಕದ ಕಡಿ ಹೋದ್ಲೋ ಏನೋ! ಅಲ್ಲಿ ನೀರೈತಿ!” ಅವ್ವನ ದನಿ ನಡುಗುತ್ತಿತ್ತು. ಚಪ್ಪಲಿಗಳು ಪಟಪಟ ಓಡಿದ ಸಪ್ಪಳ ಕೇಳಿಸಿತು.

ಈಗ ನಗು ಬರಲಿಲ್ಲ. ಹೊರಗೆ ಹೋದರೆ ಬೈಗುಳ, ಹೋಗದಿದ್ದರೆ ಇನ್ನೂ ಹೆಚ್ಚು ಬೈಗುಳ. ಏನು ಮಾಡುವುದೆಂದು ಯೋಚಿಸುವಷ್ಟರಲ್ಲಿ ಗೋಡೆಯ ಮಗ್ಗುಲಿಗೆ ಒಂದು ನೆರಳು ಬಿತ್ತು.

ಆಯಿ! ಸೆರಗು ಜಾರಿತ್ತು. ಏದುಸಿರು ಬಿಡುತ್ತಿದ್ದಳು.

“ಇಲ್ಲೇ ಅದಿ ಏನ, ನನ್ನ ಬಂಗಾರಾ. ಬಾ.”

ಅವಳು ಚಾಚಿದ್ದು ಎಡಗೈ. ಬಲಗೈಯನ್ನು ದೂರ ಹಿಡಿದಿದ್ದಳು. ಅದರ ಬೆರಳುಗಳಿಗೆ ಮೊಸರನ್ನ ಅಂಟಿತ್ತು.

ತ್ರಿಶಲಾ ಆ ಕೈಯನ್ನೇ ನೋಡಿದಳು.

“ಆಯೀ… ನೀ ಎದ್ದಿ?”

“ಏಳದ ಏನ ಮಾಡ್ಲಿ? ನಿಮ್ಮಪ್ಪ ಅತ್ತಾಗ ಓಡಿದಾ, ನಿಮ್ಮವ್ವ ಇತ್ತಾಗ ಓಡಿದ್ಲು. ಸಿಟ್ಟ ಬಂದ್ರ ನೀ ಗ್ವಾಡಿ ಹಿಂದ ಕುಂದರ್ತಿ ಅನ್ನೂದ ನನಗ ಗೊತ್ತೈತಿ, ಅವರಿಗೇನ ಗೊತ್ತ?”

ಮರದ ಕೆಳಗೆ ಬಂದಾಗ ಅಪ್ಪ ಕೈ ಎತ್ತಿದ್ದ. ಆಯಿ ನಡುವೆ ಬಂದಳು. ಅವ್ವ ತಾಟು ನೋಡಿ, “ಎರಡ ತುತ್ತರ ಉಂಡಿದ್ರೋ ಇಲ್ಲೋ, ಅತ್ತ್ಯಾರ!” ಎಂದಳು.

“ನನ್ನ ಹೊಟ್ಟಿ ತುಂಬಿತ್ತ ಬಿಡ. ಆಕಿನ್ನ ಬೈಬ್ಯಾಡೋ ಪಾರೀಸಾ.”

ಅಷ್ಟು ಹೊತ್ತು ಸೋಸಿದ್ದ ನೀರಿನಿಂದ ಆಯಿ ಕೈ ತೊಳೆದುಕೊಂಡಳು.

ಖಡೇಬಜಾರದ ಹೋಟೆಲ್ಲಿನ ಬಾಗಿಲು ತೆರೆದೇ ಇತ್ತು. ಪೇಪರ್ ದೋಸೆಯೂ ಸತ್ಯವ್ವ ಹೇಳಿದಷ್ಟೇ ಉದ್ದವಿತ್ತು. ಉತ್ತಮ ಒಂದು ತುದಿಗೆ ಕಣ್ಣಿಟ್ಟು, “ಅಕ್ಕಾ, ನಿನ್ನ ಮೂಗ ಕಾಣ್ತೈತಿ!” ಎಂದು ಕುಣಿದ.

ತ್ರಿಶಲಾ ಬಾಗಿಲ ಕಡೆ ನೋಡುತ್ತಿದ್ದಳು. “ಹೊರಗ ಗಾಳಿ ಛಲೋ ಐತಿ” ಎಂದು ಆಯಿ ಮೆಟ್ಟಿಲ ಮೇಲೆಯೇ ಕೂತಿದ್ದಳು. ಬಾಳೆಹಣ್ಣಿನ ಗಾಡಿಯವನು ಅವಳ ಮುಂದೆ ನಿಂತು ಏನೋ ಕೇಳಿದ. ಆಯಿ ಬೇಡವೆಂದು ಕೈಯಾಡಿಸಿದಳು. ಆದರೆ ಗಾಡಿ ಮೂಲೆ ತಿರುಗುವ ತನಕ ಅದನ್ನೇ ನೋಡುತ್ತಿದ್ದಳು.

ತ್ರಿಶಲಾ ಬಾಯಲ್ಲಿದ್ದ ದೋಸೆಯನ್ನು ನೀರು ಕುಡಿದು ನುಂಗಿದಳು. ಉಳಿದದ್ದನ್ನು ತಮ್ಮನ ಕಡೆ ಸರಿಸಿ ಹೊರಗೆ ಬಂದು ಆಯಿಯ ಬಾಜು ಕೂತಳು.

“ಆಯೀ, ಖರೇ ನಿನ್ನ ಹೊಟ್ಟಿ ತುಂಬಿತ್ತಾ?”

ಆಯಿ ಅವಳ ಫ್ರಾಕಿನ ಮಸಿ ಒರೆಸುತ್ತ, “ದೋಸಿ ಹೆಂಗಿತ್ತ, ಅದನ್ನ ಹೇಳ,” ಎಂದಳು.

ಸಂಜೆ ರೈಲಿನಲ್ಲಿ ಆಯಿ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಕಿಟಕಿಯ ಪಕ್ಕ ತಾನು ಕೂರುತ್ತೇನೆಂದು ತ್ರಿಶಲಾ ಕೇಳಲಿಲ್ಲ.

ಹದಿನೈದು ದಿನಕ್ಕೆ ಮತ್ತೆ ಚತುರ್ದಶಿ ಬಂತು. ಮಧ್ಯಾಹ್ನ ಆಯಿ ಅಡುಗೆಮನೆಯಲ್ಲಿ ತಾಟಿನ ಮುಂದೆ ಕೂತಿದ್ದಳು. ಅವ್ವ ಬಡಿಸುತ್ತಿದ್ದಳು. ಅಷ್ಟರಲ್ಲಿ ಬೀದಿಯಲ್ಲಿ ಡಬಡಬ ಬಾರಿಸುವುದು ಕೇಳಿಸಿತು. ಉತ್ತಮ ಓಡಿ ಬಂದ.

“ಅಕ್ಕಾ, ಕರಡಿ ಆಡಸಾಂವಾ ಬಂದಾನ! ಕರಡಿ ಹಣಿಮ್ಯಾಲೆ ಕೈ ಇಟ್ಟ ಸಲಾಮ್ ಹೊಡಿತೈತಿ! ಆಯೀ, ಬಾ ಲಗೂ—”

ತ್ರಿಶಲಾ ಅವನ ಬಾಯಿ ಮುಚ್ಚಿದಳು.

“ಒದರಬ್ಯಾಡ! ಆಯಿ ಉಣ್ಣಾಕ ಕುಂತಾಳ.”

“ನೀನರ ಬಾ!”

“ನೀ ಹೋಗ.”

ಉತ್ತಮ ಕೈ ಕೊಸರಿಕೊಂಡು ಓಡಿದ. ತ್ರಿಶಲಾ ಬೀದಿ ಬಾಗಿಲನ್ನು ಸಪ್ಪಳವಾಗದಂತೆ ಮುಚ್ಚಿದಳು. ಅದಕ್ಕೆ ಬೆನ್ನು ಕೊಟ್ಟು ನಿಂತಳು. ಡಬಡಬ ಮನೆಯ ಮುಂದೆ ಬಂತು. ಹುಡುಗರು ಹೋ ಎಂದು ಕೂಗಿದರು. ಒಮ್ಮೆ ಅವಳ ಕೈ ತಾನಾಗಿಯೇ ಚಿಲಕಕ್ಕೆ ಹೋಯಿತು, ಮತ್ತೆ ಕೆಳಗಿಳಿಯಿತು. ಡಬಡಬ ಆಚೆ ಓಣಿಗೆ ತಿರುಗಿ ಸಣ್ಣದಾಯಿತು.

ಆಗ ಒಳಗಿನಿಂದ ಆಯಿಯ ದನಿ ಕೇಳಿಸಿತು.

“ಸೋನಾಬಾಯಿ, ಇನ್ನೊಂದ ಚೂರ ಅನ್ನಾ ಹಾಕ.”