ಸ್ವರಗಳು ಐದೇ ಅಂದವನು

"ಆ ಪದ ನಡೆಯೋದಿಲ್ಲ!"

ಅಹಮದಾಬಾದಿನ ವಸ್ತ್ರಾಪುರದ ಆ ಕಾಫಿ ಅಂಗಡಿಯ ಮಹಡಿಯಲ್ಲಿದ್ದವರೆಲ್ಲ ಒಮ್ಮೆಲೇ ತಿರುಗಿ ನೋಡಿದರು. ಬೋರ್ಡಿನ ಮುಂದೆ ನಿಂತಿದ್ದ ಆಶ್ರಿತಾಳ ಕೈ ಅಲ್ಲೇ ನಿಂತಿತು.

ಭಾನುವಾರದ ಪದಕೂಟಕ್ಕೆ ಅವಳು ಬಂದದ್ದು ಅದೇ ಮೊದಲು. ಆಟ ಸರಳ. ಇಂಗ್ಲಿಷಿನ ಎ, ಇ, ಐ, ಓ, ಯು... ಈ ಐದೂ ಸ್ವರಗಳಿರುವ ಪದ ಬರೆಯಬೇಕು. ಯಾರ ಪದ ಉದ್ದವೋ ಅವರು ಗೆದ್ದಂತೆ. ಉಳಿದವರು 'ಎಜುಕೇಶನ್', 'ರೆಗ್ಯುಲೇಶನ್' ಎಂದು ಬರೆದಿದ್ದರೆ ಆಶ್ರಿತಾ ಬೋರ್ಡಿನ ಉದ್ದಕ್ಕೂ 'ಮಿಸ್‌ಕಮ್ಯುನಿಕೇಶನ್' ಬರೆದು ಬೀಗಿದ್ದಳು.

"ಇದರಲ್ಲಿ ಇ ಎಲ್ಲಿದೆ? ತೋರಿಸಿ ನೋಡೋಣ." ಕೊನೆಯ ಮೇಜಿನ ಯುವಕ ಇಂಗ್ಲಿಷಿನಲ್ಲಿ ಕೇಳಿ ನಕ್ಕ.

ಅವಳು ಹುಡುಕಿದಳು. ಇರಲಿಲ್ಲ! ಮುಖ ಕೆಂಪಾಯಿತು. ಕುರ್ಚಿಗೆ ಹಿಂದಿರುಗುತ್ತ ತನ್ನಷ್ಟಕ್ಕೆ ಗೊಣಗಿದಳು, "ಎಂಥ ಜಂಬ ಮಾರಾಯ್ರೆ ಇವನಿಗೆ..."

"ಜಂಬ ಎಂಥದೂ ಇಲ್ಲ. ಇಲ್ಲದ ಅಕ್ಷರ ಇಲ್ಲ ಅಂದೆ, ಅಷ್ಟೇ."

ಕನ್ನಡ! ಅದೂ ಕುಂದಾಪುರದ ಕಡೆಯ ಕನ್ನಡ! ಆಶ್ರಿತಾಗೆ ನೆಲ ಬಿರಿಯಬಾರದೇ ಅನ್ನಿಸಿತು.

ಅವನು ಸುಮಂತ್, ಪದಕೂಟದ ತೀರ್ಪುಗಾರ. ವಟ್ವಾದ ಬಣ್ಣದ ಕಾರ್ಖಾನೆಯಲ್ಲಿ ಕೆಮಿಸ್ಟ್. ಅವಳು ವಡೋದರಾದವಳು. ಅಲ್ಲಿನ ಮಕರಪುರದಲ್ಲಿ ಉಡುಪಿ ಹೋಟೆಲ್ ನಡೆಸುವ ಶಂಕರನಾರಾಯಣರ ಒಬ್ಬಳೇ ಮಗಳು. ಅಹಮದಾಬಾದಿನ ಟ್ಯೂಷನ್ ಕೇಂದ್ರವೊಂದರಲ್ಲಿ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದಳು.

ಜಗಳದಿಂದ ಶುರುವಾದದ್ದು ಚಹಾಕ್ಕೆ ಬಂತು. ಚಹಾದಿಂದ ವಸ್ತ್ರಾಪುರದ ಕೆರೆಯ ಸುತ್ತಿನ ನಡಿಗೆಗೆ. ನಡೆಯುತ್ತ ಅವನು ಒಂದು ಪದ ಎಸೆಯುತ್ತಿದ್ದ, ಅವಳು ಅದಕ್ಕಿಂತ ಉದ್ದದ್ದು ಹುಡುಕುತ್ತಿದ್ದಳು.

"ಪದದ ಕೊನೆಗೆ ವೈ ಬಂದ್ರೆ ಅದು ಸ್ವರವಾ?" ಒಮ್ಮೆ ಅವಳು ಕೇಳಿದ್ದಳು.

"ಆಟದಲ್ಲಿ ಅಲ್ಲ. ಸ್ವರಗಳು ಐದೇ. ನಾನು ತೀರ್ಪುಗಾರ, ನನ್ನ ಮಾತು ಕೇಳು."

"ತೀರ್ಪುಗಾರರೇ, ನನ್ನ ಕೈ ಹಿಡಿದಿದ್ದೀರಿ. ಅದಕ್ಕೆ ನಿಯಮ ಉಂಟಾ?"

ಅವನು ಕೈ ಬಿಡಲಿಲ್ಲ.

ಸೂರತ್‌ನಲ್ಲಿ ದೊಡ್ಡ ಸ್ಪರ್ಧೆಯೊಂದು ನಿಗದಿಯಾಯಿತು. ಮಕ್ಕಳಿಗಾಗಿ ಪದದಾಟ ತಯಾರಿಸುವ ಕಂಪನಿಯೊಂದು ನಡೆಸುವ ಸ್ಪರ್ಧೆ. ಗೆದ್ದವರಿಗೆ ಅಲ್ಲೇ ಕೆಲಸ! ಆಶ್ರಿತಾ ಬಾಲ್ಯದಿಂದ ಕನಸು ಕಂಡದ್ದು ಇಂಥದೇ ಕೆಲಸದ್ದು. ಸುಮಂತ್‌ಗೆ ಅಲ್ಲಿ ಮುಖ್ಯ ತೀರ್ಪುಗಾರನ ಕುರ್ಚಿ ಸಿಕ್ಕಿತು.

"ನಮ್ಮಿಬ್ಬರ ವಿಷಯ ಅವರಿಗೆ ಹೇಳಿದ್ಯಾ?" ಅವಳು ಕೇಳಿದಳು.

"ಹೇಳ್ತೇನೆ. ನೀನು ಆಟ ನೋಡ್ಕೋ."

ಅವನು ಹೇಳಲಿಲ್ಲ. ಹೇಳಿದರೆ ಕುರ್ಚಿ ಹೋಗುತ್ತಿತ್ತು.

ಸ್ಪರ್ಧೆಯ ದಿನ ಶಂಕರನಾರಾಯಣರು ಹೋಟೆಲಿಗೆ ಬಾಗಿಲು ಹಾಕಿ ಬಂದಿದ್ದರು. ಮಗಳ ಆಟ ನೋಡುವುದಕ್ಕೆ ಮಾತ್ರವಲ್ಲ, ಅವಳು ಮೆಚ್ಚಿದ ಹುಡುಗನನ್ನೂ ನೋಡುವುದಕ್ಕೆ. ವೇದಿಕೆಯ ಮೇಲಿದ್ದವನನ್ನು ಅವಳು ಕಣ್ಣಿನಲ್ಲೇ ತೋರಿಸಿದಳು. ಅಪ್ಪ ಮೀಸೆಯಡಿಯಲ್ಲಿ ನಕ್ಕರು.

ಸುಮಂತ್ ನಿಯಮ ಓದಿದ. "ಸ್ವರಗಳು ಐದೇ. ವೈ ಅಕ್ಷರ ಲೆಕ್ಕಕ್ಕಿಲ್ಲ."

ಕೊನೆಯ ಸುತ್ತಿಗೆ ಉಳಿದವರು ಇಬ್ಬರು. ಸೂರತ್‌ನ ಹೇತ್ವಿ ದೇಸಾಯಿ ಮತ್ತು ಆಶ್ರಿತಾ. ಐದೂ ಸ್ವರಗಳು ಬರಬೇಕು, ಆದರೆ ಒಂದೊಂದೂ ಒಂದೇ ಸಲ ಬರಬೇಕು. ಹೇತ್ವಿ 'ಕಾಲಿಫ್ಲವರ್' ಎಂದು ಬರೆದಳು. ಸಭೆ ನಕ್ಕು ಚಪ್ಪಾಳೆ ತಟ್ಟಿತು. ಹೂಕೋಸಿನೊಳಗೆ ಐದು ಸ್ವರಗಳಿವೆಯೆಂದು ಯಾರಿಗೆ ಹೊಳೆದಿತ್ತು!

ಆಶ್ರಿತಾ ಕಣ್ಣು ಮುಚ್ಚಿದಳು. ಆಮೇಲೆ ನಿಧಾನವಾಗಿ ಬರೆದಳು. 'ಅನ್‌ಕಾಂಪ್ಲಿಮೆಂಟರಿ'.

ಯು, ಓ, ಐ, ಇ, ಎ... ಐದೂ ಇದ್ದವು, ತಿರುಗಿಸಿ ಜೋಡಿಸಿದ ಹಾಗೆ! ಸಭೆಯಲ್ಲಿ ಶಿಳ್ಳೆ ಬಿತ್ತು. ಅಪ್ಪ ಅರ್ಥವಾಗದಿದ್ದರೂ ಎದ್ದು ನಿಂತರು.

"ಆಕ್ಷೇಪಣೆ ಇದೆ!" ಹೇತ್ವಿಯ ತರಬೇತುದಾರ ಕೂಗಿದ. "ಕೊನೆಯ ವೈ ಇಲ್ಲಿ ಸ್ವರದ ಹಾಗೆ ಕೇಳಿಸುತ್ತೆ. ಆರು ಸ್ವರಗಳಾದವು." ಅಷ್ಟಕ್ಕೆ ನಿಲ್ಲಿಸಲಿಲ್ಲ. "ತೀರ್ಪುಗಾರರು ಈ ಹುಡುಗಿಯ ಸ್ನೇಹಿತರು ಅಂತ ಕೇಳಿದ್ದೇನೆ. ಅವರು ಇವಳ ಪರವೇ ಹೇಳ್ತಾರೆ ಬಿಡಿ!"

ಸಂಘಟಕಿ ಸುಮಂತ್‌ನತ್ತ ತಿರುಗಿದಳು. "ನಿಮಗೆ ಇವರ ಪರಿಚಯ ಇದೆಯೇ?"

ಆಶ್ರಿತಾ ಅವನನ್ನೇ ನೋಡಿದಳು. 'ಹೇಳು ಸುಮಂತ್... ಹೌದು ಅನ್ನು. ಕುರ್ಚಿ ಬಿಟ್ಟು ಇಳಿದು ಬಾ. ಬೇರೆ ಯಾರಾದರೂ ತೀರ್ಪು ಕೊಡಲಿ...'

"ಇಲ್ಲ ಮೇಡಮ್. ಕ್ಲಬ್ಬಿನಲ್ಲಿ ನೋಡಿದ ಮುಖಪರಿಚಯ, ಅಷ್ಟೇ."

ಅವಳು ತಿರುಗಿ ಅಪ್ಪನ ಮುಖ ನೋಡಿದಳು.

"ಆಕ್ಷೇಪಣೆ ಸರಿಯಾಗಿದೆ," ಅವನು ತಲೆಯೆತ್ತದೆ ಅಂದ. "ಪದ ಅಮಾನ್ಯ."

"ಬೆಳಿಗ್ಗೆ ನೀವೇ ಓದಿದ್ರಲ್ಲ! ವೈ ಲೆಕ್ಕಕ್ಕಿಲ್ಲ ಅಂತ!" ಆಶ್ರಿತಾ ಕೂಗಿದಳು.

"ತೀರ್ಪುಗಾರರ ಮಾತೇ ಕೊನೆ," ಎಂದು ಸಂಘಟಕಿ ಮುಗಿಸಿಬಿಟ್ಟಳು. ಹೇತ್ವಿಯ ಕೊರಳಿಗೆ ಹಾರ ಬಿತ್ತು. ಆಶ್ರಿತಾ ಹೂಕೋಸಿನೆದುರು ಸೋತಿದ್ದಳು.

ವಡೋದರಾಕ್ಕೆ ಹಿಂದಿರುಗುವ ರೈಲು ಭರೂಚ್ ದಾಟಿದ ಮೇಲೆ ಅಪ್ಪ ಮೆಲ್ಲಗೆ ಕೇಳಿದರು.

"ಪದ ಹೋದ್ರೆ ಹೋಗಲಿ ಮಗಾ. ನಿನ್ನ ಪರಿಚಯವೇ ಇಲ್ಲ ಅಂದನಲ್ಲ... ಅದು ಎಂಥದು?"

ಮನೆ ಸೇರುವಷ್ಟರಲ್ಲಿ ಅವನ ಫೋನ್ ಬಂತು. ಅವಳು ಒಂದೇ ಪ್ರಶ್ನೆ ಕೇಳಿದಳು.

"ನನ್ನ ಪದ ಸರಿ ಅಂತ ನಿನಗೆ ಗೊತ್ತಿತ್ತಾ?"

"...ಗೊತ್ತಿತ್ತು."

"ಮತ್ತೆ?"

"ಎಲ್ಲರೂ ನನ್ನನ್ನೇ ನೋಡ್ತಿದ್ರು ಆಶ್ರಿತಾ! ಸರಿ ಅಂದಿದ್ರೆ ಪಕ್ಷಪಾತಿ ಅಂತಿದ್ರು..."

"ಅದಕ್ಕೆ ನನ್ನನ್ನು ಬಲಿ ಕೊಟ್ಟೆ. ನ್ಯಾಯವಂತ ಅನ್ನಿಸಿಕೊಂಡೆ. ಖುಷಿಯಾಯ್ತಾ?"

ಫೋನ್ ಇಟ್ಟವಳು ಅವನ ನಂಬರನ್ನೇ ಬ್ಲಾಕ್ ಮಾಡಿದಳು.

ಆಶ್ರಿತಾ ಅಹಮದಾಬಾದ್ ಬಿಟ್ಟಳು. ಮಕರಪುರದ ಹೋಟೆಲಿನ ಗಲ್ಲಾದಲ್ಲಿ ಕುಳಿತಳು. ಕಾರ್ಖಾನೆಯ ಪಾಳಿ ಬಿಟ್ಟಾಗ ಜನ ನುಗ್ಗುತ್ತಿದ್ದರು. "ಬೆನ್, ಎಕ್ ಮಸಾಲಾ!" ಎಂದು ಅಕ್ಕನನ್ನು ಕರೆದಂತೆ ಕರೆದು ದೋಸೆ ಕೇಳುತ್ತಿದ್ದರು. ಅವಳು ಚೀಟಿ ಹರಿದು ಕೊಡುತ್ತಿದ್ದಳು. ರಸ್ತೆಯಾಚೆ ಕಾರ್ಖಾನೆಗಳ ಉದ್ದುದ್ದ ಇಂಗ್ಲಿಷ್ ಹೆಸರುಗಳು. ಬೇಡವೆಂದರೂ ಕಣ್ಣು ಅವುಗಳಲ್ಲಿ ಸ್ವರ ಹುಡುಕುತ್ತಿತ್ತು. ತನ್ನ ಕಣ್ಣಿನ ಮೇಲೇ ಅವಳಿಗೆ ಸಿಟ್ಟು ಬರುತ್ತಿತ್ತು.

ಬೇಸಿಗೆ ಕಳೆದು ಮಳೆಗಾಲವೂ ಮುಗಿಯಿತು. ಒಂದು ಭಾನುವಾರ, ಊಟದ ಗದ್ದಲ ಇಳಿಯುವ ಹೊತ್ತಿಗೆ ಸುಮಂತ್ ಬಾಗಿಲಲ್ಲಿ ನಿಂತಿದ್ದ. ಸೊರಗಿದ್ದ.

ಅವಳ ಕೈಯಲ್ಲಿದ್ದ ಚಿಲ್ಲರೆ ಮೇಜಿನ ಮೇಲೆ ಚೆಲ್ಲಿತು.

ಅವನು ನೇರ ಅಪ್ಪನ ಬಳಿ ಹೋದ. ಊಟ ಮಾಡುತ್ತಿದ್ದವರು ತಲೆಯೆತ್ತಿ ನೋಡಿದರು.

"ನಿಮ್ಮೆದುರೇ ಸುಳ್ಳು ಹೇಳಿದೆ. ನಿಮ್ಮೆದುರೇ ನಿಜ ಹೇಳ್ಬೇಕು ಅಂತ ಬಂದೆ. ಆಶ್ರಿತಾಳನ್ನು ನಾನು ಪ್ರೀತಿಸ್ತೇನೆ. ಅವತ್ತೂ ಪ್ರೀತಿಸ್ತಿದ್ದೆ."

ಶಂಕರನಾರಾಯಣರು ಹೆಗಲ ಬೈರಾಸಿನಿಂದ ಕೈ ಒರೆಸಿಕೊಂಡರು. "ಅವತ್ತೂ ಪ್ರೀತಿ ಇತ್ತು ಅಂತಾದ್ರೆ ತಪ್ಪು ಇನ್ನೂ ದೊಡ್ಡದಾಯ್ತಲ್ಲ ತಮ್ಮಾ."

ಅಷ್ಟು ಹೇಳಿ ಅವರು ಒಳಗೆ ಹೋದರು.

ಸುಮಂತ್ ಗಲ್ಲಾದ ಮುಂದೆ ಬಂದು ನಿಂತ. "ಸೂರತ್‌ಗೆ ಹೋಗಿ ಎಲ್ಲ ಹೇಳಿಬಂದೆ. ನನ್ನನ್ನು ತೀರ್ಪುಗಾರರ ಸಾಲಿನಿಂದ ತೆಗೆದರು. ನಿನ್ನ ಪದ ಸರಿ ಅಂತ ಎಲ್ಲರಿಗೂ ತಿಳಿಸಿದರು."

"ಕೆಲಸ?"

ಅವನು ತಲೆ ತಗ್ಗಿಸಿದ. "ಹೇತ್ವಿ ಸೇರಿ ಬಹಳ ತಿಂಗಳಾಯ್ತು. ಅವಳದ್ದೇನೂ ತಪ್ಪಿಲ್ಲ..."

"ಗೊತ್ತು. ತಪ್ಪು ನಿನ್ನದು!" ಅವಳು ಗಲ್ಲಾದ ಡ್ರಾಯರ್ ತಳ್ಳಿ ಮುಚ್ಚಿದಳು. "ಕಳೆದುಕೊಳ್ಳೋದಕ್ಕೆ ಏನೂ ಉಳಿಯದೇ ಇದ್ದಾಗ ಬಂದಿದ್ದೀಯ. ಆ ಕುರ್ಚಿಯಲ್ಲಿ ಕೂತಿದ್ದಾಗ ನೀನು ನನಗೆ ಬೇಕಿತ್ತು ಸುಮಂತ್!"

"ಹೆದರಿದ್ದೆ. ಆಮೇಲೆ ನಿನ್ನ ಮುಖ ನೋಡೋದಕ್ಕೂ ಹೆದರಿದೆ."

ಕೊನೆಯ ಗಿರಾಕಿ ಕೈ ತೊಳೆದು ಹೊರಟ.

"ನಾನು ನಿನ್ನನ್ನು ಕ್ಷಮಿಸಿಲ್ಲ," ಅಂದಳು.

"ಗೊತ್ತುಂಟು."

"ಮುಂದೆ ಕ್ಷಮಿಸ್ತೇನೋ ಇಲ್ವೋ, ಅದೂ ಗೊತ್ತಿಲ್ಲ."

"ಹ್ಞೂಂ."

"ಮರೆಯೋಣ ಅಂದ್ರೆ ಅದೂ ಆಗ್ಲಿಲ್ಲ..." ತಡೆದಿದ್ದ ಕಣ್ಣೀರು ಕೊನೆಗೂ ಉರುಳಿತು. "ಬಾಗಿಲಲ್ಲಿ ಯಾರು ಬಂದ್ರೂ ನೀನೇ ಅಂತ ನೋಡ್ತಿದ್ದೆ. ಅಷ್ಟು ನಾಚಿಕೆಗೆಟ್ಟವಳು ನಾನು!"

ಅವನು ಕೈ ಚಾಚಿದ. ಅವಳು ಹಿಂದೆ ಸರಿದಳು.

"ಬೇಡ. ಇವತ್ತು ಬೇಡ."

"ಸರಿ. ಮುಂದಿನ ಭಾನುವಾರ ಬರ್ಲಾ?"

ಅವಳು ಸೆರಗಿನ ತುದಿಯಿಂದ ಕಣ್ಣೊರೆಸಿಕೊಂಡಳು. ಆಮೇಲೆ ಕೇಳಿದಳು.

"ಊಟ ಆಯ್ತಾ?"

"ಇಲ್ಲ."

"ಸಾರು ಖಾಲಿ. ಅನ್ನ, ಮಜ್ಜಿಗೆ ಉಂಟು."

"ಸಾಕು."

ಅವಳು ಬಡಿಸಿ ತಂದಿಟ್ಟಳು. ಹೋಗಲು ತಿರುಗಿದವಳು ಹೋಗಲಿಲ್ಲ. ಎದುರಿನ ಕುರ್ಚಿ ಎಳೆದು, ಅವನ ಮುಖ ನೋಡದೆ ಕುಳಿತಳು.

"ಉಪ್ಪು ಕಮ್ಮಿ ಉಂಟಾ?"

"ಇಲ್ಲ... ಸರಿ ಉಂಟು."

"ಮತ್ತೆ ಯಾಕೆ ಅಳ್ತೀಯ? ಉಣ್ಣು."