ಬಿಸಿಲು ಕಾಣದ ಮರಳು

ನಾಲ್ಕು ಗಂಟೆಗೆ ಅಣೆಕಟ್ಟಿನ ಬಾಗಿಲು ತೆರೆಯಲಿತ್ತು. ಅಷ್ಟರೊಳಗೆ ನದಿಯ ಕೊರಕಲಿಗೆ ಇಳಿದು, ಒಂದು ಮೊಳದ ಕಬ್ಬಿಣದ ಕೊಳವೆಯ ತುಂಬ ಮರಳು ತರಬೇಕು. ಅಷ್ಟೇ ಕೆಲಸ. ಆದರೆ ಆ ಮರಳಿಗೆ ಬಿಸಿಲು ತಾಗಕೂಡದು.

ಜೀಪು ಪುಣೆಯ ಹಡಪಸರದ ಗದ್ದಲ ದಾಟಿ ಎರಡು ತಾಸಾಗಿತ್ತು; ಹಿಂದೆ ಶಿವಪ್ರಕಾಶ ಕೊಳವೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪುಣೆಯದೇ ಕೊಂಢವಾದಲ್ಲಿ ಗೋಡೆ ಕಟ್ಟುವ ಗವಂಡಿ ಕೆಲಸ, ವಯಸ್ಸು ಇಪ್ಪತ್ತಮೂರು, ಎಂಟನೆಯ ಇಯತ್ತೆಗೇ ಶಾಲೆ ಬಿಟ್ಟವನು. ಹಗ್ಗ ಹಿಡಿದು ಇಳಿಯಲು, ಸುತ್ತಿಗೆ ಹೊಡೆಯಲು ವಿಶ್ವವಿದ್ಯಾಲಯದವರು ಅವನನ್ನು ಕರೆದಿದ್ದರು. ಮನುಷ್ಯ ಹೇಗೆ ಮನುಷ್ಯನಾದ ಎಂದು ಹುಡುಕುವ ತಂಡ ಅದು. ಧಾರವಾಡದ ತ್ರಿವೇಣಿ ಮೇಡಂ ಅದರ ಮುಖ್ಯಸ್ಥೆ. ಮಧ್ವೇಶ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ.

ಹೋದ ವರ್ಷ ಈ ಕೊರಕಲಿನ ಗೋಡೆಯಲ್ಲಿ ಕಲ್ಲಿನ ಕೈಕೊಡಲಿ ಸಿಕ್ಕಿತ್ತು. ಅದೆಷ್ಟು ಹಳೆಯದೆಂದು ಹೇಳಬೇಕಾದದ್ದು ಅದರ ಸುತ್ತಲಿನ ಮರಳು. ಮರಳಿನ ಕಣ ಕೊನೆಯ ಸಲ ಬಿಸಿಲು ಕಂಡು ಎಷ್ಟು ಕಾಲವಾಯಿತೆಂದು ಯಂತ್ರ ಲೆಕ್ಕ ಹಾಕುತ್ತದೆ. ಮತ್ತೆ ಬೆಳಕು ಬಿದ್ದರೆ ಲೆಕ್ಕ ಅಳಿಸಿಹೋಗುತ್ತದೆ.

ಹೋದ ತಿಂಗಳು ಹಾಗೆ ಅಳಿಸಿದವನು ಶಿವಪ್ರಕಾಶನೇ. ಗವಂಡಿ ಯಾವನೇ ಆಗಲಿ, ಮರಳನ್ನು ಅಂಗೈಯಲ್ಲಿ ತಿಕ್ಕಿ ನೋಡದೆ ಒಪ್ಪುವುದಿಲ್ಲ. ಕೊಳವೆಯನ್ನು ಮೇಲೆ ತಂದವನೇ ಮುಚ್ಚಳ ತೆಗೆದು ಅಂಗೈಗೆ ಸುರಿದುಕೊಂಡಿದ್ದ. "ಛಲೋ ಉಸುಕು ಅದ್ರಿ ಮೇಡಂ!"

ಯಾರೂ ಬಯ್ಯಲಿಲ್ಲ. "ತಪ್ಪು ನಂದ. ನಿನಗ ಹೇಳಿರಲಿಲ್ಲ," ಎಂದರು ಮೇಡಂ. ಅದೇ ಅವನನ್ನು ಸುಟ್ಟದ್ದು. ತಿಳಿಯುವವನಿಗಷ್ಟೇ ಜನ ಬಯ್ಯುತ್ತಾರೆ; ತನ್ನನ್ನು ಅವರು ಆ ಲೆಕ್ಕಕ್ಕೇ ಹಿಡಿದಿರಲಿಲ್ಲ. ಇವತ್ತು ಯಾರೂ ಕರೆಯದಿದ್ದರೂ ಬೆಳಗ್ಗೆಯೇ ಬಂದು ಜೀಪಿನಲ್ಲಿ ಕೂತಿದ್ದ.

ಆಮೇಲಿನ ಮಳೆಗೆ ಗೋಡೆ ಕುಸಿದು ಎರಡಡಿ ಮರಳ ಪದರ ಮಾತ್ರ ಉಳಿದಿತ್ತು. ಇವತ್ತಿನ ನೀರಿಗೆ ಅದೂ ಹೋಗುತ್ತದೆ.

ಕೊರಕಲು ಆಳವಾಗಿತ್ತು. ಎರಡೂ ಕಡೆ ಕರಿಕಲ್ಲು, ನಡುವೆ ಬೆಣ್ಣೆಯ ಬಣ್ಣದ ಮರಳ ಪಟ್ಟಿ, ಅದರಡಿ ಒದ್ದೆ ಜೇಡಿಮಣ್ಣು, ತಳದಲ್ಲಿ ಸದ್ದಿಲ್ಲದ ನೀರು. ಮೇಲೆ ಮೇಡಂ ಹಗ್ಗವನ್ನು ಮರಕ್ಕೆ ಬಿಗಿದು ನಿಂತರು. ಜೀಪಿನ ಡ್ರೈವರ್ ಬಾಳು ನೀರಿನ ಮೇಲೆ ಕಣ್ಣಿಡಲು ಮೇಲ್ದಂಡೆಗೆ ಹೋದ. ಶಿವಪ್ರಕಾಶ, ಮಧ್ವೇಶ ಇಬ್ಬರೂ ಇಳಿದು ಕಿರಿದಾದ ಕಲ್ಲಂಚಿನ ಮೇಲೆ ಕಾಲೂರಿದರು.

ಕೊಡಲಿ ಕಿತ್ತ ಗುಳಿ ಕಣ್ಣೆದುರೇ ಇತ್ತು. ಶಿವಪ್ರಕಾಶ ಅದರಲ್ಲಿ ಬೆರಳಿಟ್ಟ. ಯಾವ ಕಾಲದಲ್ಲೋ ಯಾವನೋ ಕೂತು, ಏಟಿಗೆ ಏಟು ಅಳೆದು ಕಲ್ಲು ಒಡೆದಿದ್ದ. ಅವನು ಎಷ್ಟನೆಯ ಇಯತ್ತೆ ಎಂದು ಮಾತ್ರ ಇವರ‍್ಯಾರೂ ಕೇಳುವುದಿಲ್ಲ.

ಬೆಳಕು ತಡೆಯಲು ತಂದಿದ್ದ ಕರಿಬಟ್ಟೆ ಹೊದ್ದು, ಕೊಳವೆಯನ್ನು ಮರಳಿಗಿಟ್ಟು ಸುತ್ತಿಗೆ ಹಾಕಿದ. ಬಟ್ಟೆಯ ಅಂಚನ್ನು ಮಧ್ವೇಶ ಹಿಡಿದ.

"ಮಧ್ವೇಶ್ರ, ಬಟ್ಟಿ ಬರೋಬರಿ ಹಿಡೀರಿ. ಸಂದ್ಯಾಗಿಂದ ಬೆಳಕ ಬರ್ಲಿಕತ್ತದ."

"ನೀ ನನಗ ಕಲಸ್ತೀ?"

"ಕಲೀದಿದ್ರ ಬಿಡ್ರಿ. ಬಟ್ಟಿ ಬಿಡಬ್ಯಾಡ್ರಿ."

ಕೊಳವೆ ಅರ್ಧ ಹೋಗಿತ್ತು. ಆಗ ಮೇಲಿನಿಂದ, ಬೇಗ ಮೇಲೆ ಬನ್ನಿರೆಂದು ಬಾಳುವಿನ ಮರಾಠಿ ಕೂಗು: "ಪಾಣೀ ಆಲಂ! ವರ ಯಾ, ಲವಕರ!"

ಇನ್ನೂ ಮೂರೂವರೆ. ಬಾಗಿಲನ್ನು ಮೊದಲೇ ತೆರೆದಿದ್ದರು.

"ನೀರು ಬಂತೋ! ಬಿಟ್ಟು ನಡಿ!" ಮಧ್ವೇಶ ಚೀರಿದ.

ಶಿವಪ್ರಕಾಶ ಹೊಡೆದ. ಇನ್ನೊಂದು. ಇನ್ನೊಂದು. ಕೊಳವೆ ಪೂರ್ತಿ ಇಳಿಯಿತು. ಅಲುಗಿಸಿ ಎಳೆದುಕೊಂಡ. ಅದರ ಜೊತೆಗೆ ಗೋಡೆಯ ಮೇಲ್ಭಾಗ ಧಸಕ್ಕನೆ ಕುಸಿಯಿತು. ಆಗಷ್ಟೇ ಹಲ್ಲಲ್ಲಿ ಕಚ್ಚಿಕೊಂಡಿದ್ದ ಮುಚ್ಚಳ ಜಾರಿ ನೀರಿಗೆ ಬಿತ್ತು.

"ಮುಚ್ಚಳ ಹೋತು! ಮುಗೀತು!" ಎಂದ ಮಧ್ವೇಶ.

"ನೀವು ಬಟ್ಟಿ ಹಿಡೀರಿ!"

ಕೊಳವೆಯ ಬಾಯಿಗೆ ಅಂಗೈ ಒತ್ತಿ, ಬಟ್ಟೆಯಡಿಯ ಕತ್ತಲಲ್ಲೇ ಕೆಳಗಿನ ಜೇಡಿಯನ್ನು ತಡಕಿದ. ಹಿಡಿ ಜೇಡಿ ಕಿತ್ತು ಬಾಯಿಗೆ ಮೆತ್ತಿ ಬಡಿದ. ಕಟ್ಟಡದಲ್ಲಿ ಪೈಪಿನ ಬಾಯಿ ಮುಚ್ಚಿದ ಹಾಗೆ. ಕರಿಬಟ್ಟೆ ಸುತ್ತಿ ಅಂಗಿಯೊಳಗೆ ತುರುಕಿ ಗುಂಡಿ ಹಾಕಿದ.

ನೀರು ಮೊಣಕಾಲಿಗೆ ಬಂತು. ಮಧ್ವೇಶನ ಕಾಲು ಜಾರಿತು. ಶಿವಪ್ರಕಾಶ ಅವನ ಕಾಲರ್ ಹಿಡಿದ. ಎದೆಯ ಮೇಲೆ ಕೊಳವೆ, ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಸಂಶೋಧಕ.

"ಎಳೀರಿ ಮೇಡಂ!"

ಬಾಳು ಓಡಿ ಬಂದು ಹಗ್ಗಕ್ಕೆ ಕೈ ಹಾಕಿದ. ಇಬ್ಬರೂ ದಂಡೆ ಹತ್ತಿ ಬೋರಲು ಬಿದ್ದಾಗ, ಕೆಳಗೆ ಬೆಣ್ಣೆ ಬಣ್ಣದ ಪಟ್ಟಿ ಇರಲಿಲ್ಲ. ಕೆಂಪು ನೀರಷ್ಟೇ ಓಡುತ್ತಿತ್ತು.

"ಕೊಳವಿ ಬಾಯಿಗೆ ಜೇಡಿ ಮೆತ್ತೇನ್ರಿ," ಎಂದ ಶಿವಪ್ರಕಾಶ, ಬಯ್ಗುಳಕ್ಕೆ ಕಾಯುವವನಂತೆ. "ಕೆಟ್ಟಿದ್ರ ಈ ಸಲ ಬಯ್ರಿ."

"ಬಾಯಿ ಕಡೆ ಎರಡು ಬೆರಳು ಉಸುಕು ಹೆಂಗೂ ಕೆತ್ತಿ ಒಗೀತೀವಿ. ಒಳಗಿಂದು ಉಳದದ," ಎಂದರು ಮೇಡಂ. ಆಮೇಲೆ ದನಿ ಏರಿತು. "ಆದ್ರ ನೀರು ಬಂದಾಗ ಯಾಕ ನಿಂತಿ? ಬುದ್ಧಿ ಇಲ್ಲೇನು ನಿನಗ?"

ಪುಣೆ ಮುಟ್ಟುವವರೆಗೂ ಅವನು ಅಂಗಿಯ ಗುಂಡಿ ಬಿಚ್ಚಲಿಲ್ಲ. ಆ ಬಯ್ಗುಳ ಮಾತ್ರ ಮತ್ತೆ ಮತ್ತೆ ನೆನಪಾಗುತ್ತಿತ್ತು, ಹಿತವಾಗಿ.

ಮರುದಿನ ಪ್ರಯೋಗಾಲಯದ ಕತ್ತಲ ಕೋಣೆಯಲ್ಲಿ ಮಂದ ಕೆಂಪು ದೀಪವೊಂದೇ ಇತ್ತು. ಉತ್ತರ ಬರಲು ತಿಂಗಳುಗಳೇ ಬೇಕು. ಮೇಡಂ ಕೊಳವೆಯನ್ನು ಅವನ ಮುಂದೆ ಇಟ್ಟರು.

"ಹೋದ ಸಲ ನೀನ ತಗದಿದ್ದಿ. ಈ ಸಲನೂ ನೀನ ತಗಿ."

ಶಿವಪ್ರಕಾಶ ಮುಟ್ಟಲಿಲ್ಲ. ಮಧ್ವೇಶ ಒಳಗೆ ಬಂದ ಬಾಗಿಲಿನ ಅಂಚಿನಲ್ಲಿ ಬೆಳ್ಳನೆ ಗೆರೆಯೊಂದು ಕಾಣುತ್ತಿತ್ತು.

"ಮೊದ್ಲ ಬಾಗಿಲಾ ಪೂರಾ ಹಾಕ್ರಿ!" ಎಂದು ಗದರಿದ.

ಮಧ್ವೇಶ ಹಾಕಿದ. ಗೆರೆ ಅಳಿಯಿತು. ಶಿವಪ್ರಕಾಶ ಹೆಬ್ಬೆರಳಿನಿಂದ ಜೇಡಿ ಕಿತ್ತ. ಕೆತ್ತಿ ಒಗೆಯುವ ಎರಡು ಬೆರಳು ಮರಳಿನಿಂದ ಚಿಟಿಕೆ ತೆಗೆದು ಅಂಗೈಯಲ್ಲಿ ತಿಕ್ಕಿದ.

"ಛಲೋ ಉಸುಕು ಅದ್ರಿ ಮೇಡಂ."