ಒಂದು ದೋಣಿ ಕಡಿಮೆ

"ಡಾಕ್ಟ್ರಮ್ಮ, ನನ್ನ ಹಡಗಿಗೆ ಕಳ್ಳ ಬಿದ್ದಿದ್ದಾನೆ!"

ಎಲ್ಲಿಸ್ ಟ್ಯಾನರ್ ಹೀಗೆ ಕೂಗುತ್ತ ಬಾಗಿಲು ಬಡಿದಾಗ ಡಾಕ್ಟರೂ ನಾನೂ ಕಾಕಂಬಿ ಬಿಸ್ಕತ್ತಿನ ಜೊತೆ ಚಹಾ ಕುಡಿಯುತ್ತಿದ್ದೆವು. ಡಾಕ್ಟರ್ ಹಲ್ಡಾ ಜ್ವಿಕರ್ ನಿವೃತ್ತರಾದ ಮೇಲೆ ನಮ್ಮ ಮೀನುಗಾರರ ಊರಾದ ಲೂನೆನ್‌ಬರ್ಗಿನ ಜನ ಕೆಮ್ಮು ನೆಗಡಿಯ ಬದಲು ಕಳವು ಜಗಳಗಳನ್ನು ಅವರ ಮನೆಗೆ ಹೊತ್ತು ತರುತ್ತಿದ್ದರು. ನಾನು ಕ್ಲೈಡ್, ಔಷಧದಂಗಡಿ ಮುಚ್ಚಿ ಮನೆಯಲ್ಲಿ ಕೂತವನು. ಅವರ ಹಿಂದೆ ಹೋಗಿ, ಏನೂ ತಿಳಿಯದೆ ತಲೆ ಕೆರೆದುಕೊಳ್ಳುವುದು ನನ್ನ ಪಾಲಿನ ಕೆಲಸ.

ಎಲ್ಲಿಸ್ ಹೇಳಿದ ಹಡಗು ಮೇಜಿನ ಮೇಲೆ ನಿಲ್ಲುವಷ್ಟು ಪುಟ್ಟದು. ಪ್ರಾಯದಲ್ಲಿ ತಾನು ಮೀನು ಹಿಡಿಯಲು ಹೋಗುತ್ತಿದ್ದ 'ಅಡಾ ಲೋರೇನ್' ಎಂಬ ಹಾಯಿಹಡಗನ್ನು ಅವನು ಮರದಲ್ಲಿ ಮತ್ತೆ ಕಟ್ಟಿದ್ದ. ಅಂಗಡಿಯಿಂದ ತಂದು ಅಂಟಿಸಿದ್ದಲ್ಲ. ಒಂದೊಂದು ಹಲಗೆಯನ್ನೂ ತಾನೇ ಸೀಳಿ, ಆವಿಯಲ್ಲಿ ಬಗ್ಗಿಸಿ ಕೂರಿಸಿದ್ದು. ಮರುದಿನ ಭಾನುವಾರ, ಕಡಲಿನಿಂದ ಮರಳದವರ ಪ್ರಾರ್ಥನೆಯಲ್ಲಿ, ಅದು ಚರ್ಚಿನ ಸೂರಿನಿಂದ ತೂಗಬೇಕಿತ್ತು.

"ಕದ್ದೋನು ಆ ಡೇಲ್. ನನ್ನ ಮೊಮ್ಮಗಳನ್ನ ಮದುವೆ ಆಗ್ತೀನಿ ಅಂತ ಗೋಧಿ ಹೊಲದಿಂದ ಬಂದಿದ್ದಾನಲ್ಲ, ಅವನೇ. ನಿನ್ನೆ ತಾನೆ 'ತಾತ, ಒಂದು ದೋಣಿ ಕೊಡಿ, ಅಮ್ಮಂಗೆ ತೋರಿಸ್ತೀನಿ' ಅಂದ. ಆಗಲ್ಲ ಅಂದೆ. ಇವತ್ತು ನೋಡಿದ್ರೆ ದೋಣಿ ಇಲ್ಲ! ಇನ್ನು ಮದುವೆನೂ ಇಲ್ಲ, ಗಿದುವೆನೂ ಇಲ್ಲ."

ಎಲ್ಲಿಸನ ಶೆಡ್ಡಿಗೆ ಹೋಗಿ ನೋಡಿದೆವು. ಹಡಗಿನ ಮೇಲೆ ಬಟ್ಟಲೊಳಗೆ ಬಟ್ಟಲಿಟ್ಟಂತೆ ಮೀನು ಹಿಡಿಯಲು ನಡುಗಡಲಲ್ಲಿ ಇಳಿಸುವ ಪುಟ್ಟ ದೋಣಿಗಳಿದ್ದವು, ಒಂದೊಂದರ ಮೂತಿಗೂ ಒಂದೊಂದು ಅಂಕೆ. ಡಾಕ್ಟರು ಮೆಲ್ಲಗೆ ಎತ್ತಿ ಓದಿದರು: ಒಂದು, ಎರಡು, ಮೂರು, ಐದು, ಆರು. ಅವನ್ನು ಬಿಗಿದಿದ್ದ ದಾರವನ್ನು ಕತ್ತರಿಸಿರಲಿಲ್ಲ, ಗಂಟು ಬಿಚ್ಚಿ ಸುತ್ತಿಟ್ಟಿದ್ದರು. ಗಂಟಿಗೆ ಅಡ್ಡವಾಗಿದ್ದ, ಹಿಡಿದ ಮೀನು ತುಂಬುವ ಕೋಣೆಯ ಮೂರು ಮುಚ್ಚಳಗಳು ಮೇಜಿನ ಮೇಲಿದ್ದವು, ಬಣ್ಣದ ಮುಖ ಮೇಲಾಗಿ. ಪಕ್ಕದಲ್ಲಿ, ದೋಣಿಗಳಿಗಿನ್ನೂ ಇಡದ ಹುಟ್ಟುಗಳು ಜೋಡಿ ಜೋಡಿಯಾಗಿ ಹಾಗೇ ಇದ್ದವು. ಗೋಡೆಯಲ್ಲಿ ಹಳೆಯ ಫೋಟೋ: ಎಲ್ಲಿಸನ ತಂಗಿ ಉನಾಳ ಗಂಡ ಹ್ಯಾರಿಸ್, ನಿಜವಾದ ಅಡಾ ಲೋರೇನಿನ ಮೇಲೆ ತನ್ನ ದೋಣಿಗೆ ಒರಗಿ ನಗುತ್ತ ನಿಂತಿದ್ದ. ಮರಳದವರಲ್ಲಿ ಅವನೂ ಒಬ್ಬ.

"ದೋಣಿ ಬಿಟ್ರೆ ಬೇರೇನೂ ಹೋಗಿಲ್ವಲ್ಲ. ಎಂಥ ಕಳ್ಳ ಇವನು?" ಎಂದೆ. ನನಗೆ ತಲೆಬುಡ ತಿಳಿಯಲಿಲ್ಲ. ಡಾಕ್ಟರು ಫೋಟೋವನ್ನೇ ನೋಡುತ್ತಿದ್ದರು.

"ಎಲ್ಲಿಸ್, ಎಲ್ರನ್ನೂ ಕರಿ," ಎಂದರು.

ಮೊಮ್ಮಗಳು ಮಾರ್ಲಾ ಅತ್ತು ಕಣ್ಣು ಕೆಂಪಾಗಿಸಿಕೊಂಡು ಬಂದಳು. ಡೇಲ್ ಅವಳ ಹಿಂದೆ ಬಂದು ನಿಂತ. ಪುಟ್ಟ ಹಡಗು ಕಟ್ಟುವ ಪ್ರತಿ ಸ್ಪರ್ಧೆಯಲ್ಲೂ ಎಲ್ಲಿಸನಿಗೆ ಸೋಲುವ ಗೈ ಕೊರ್ಕಮ್, "ನನ್ನ ಮೇಲೂ ಅನುಮಾನವಾ?" ಎಂದು ಗೊಣಗಿದ. ಉನಾ ಬಾಗಿಲ ಬಳಿಯೇ ಕೂತಳು. ಡಾಕ್ಟರು ಮುಚ್ಚಳಗಳನ್ನು ಹಡಗಿನ ಮೇಲೆ ಮತ್ತೆ ಕೂರಿಸಿದರು.

"ಡೇಲ್, ಇವನ್ನ ತೆಗೆದು ಮೇಜಿನ ಮೇಲಿಡಪ್ಪ."

ಡೇಲ್ ಒಂದನ್ನು ಎತ್ತಿ, ಅನ್ನದ ಪಾತ್ರೆಯ ಮುಚ್ಚಳವನ್ನಿಡುವಂತೆ ಅಂಗಾತ ಇಟ್ಟ.

"ಅಯ್ಯೋ, ತಿರುಗ್ಸೋ!" ಎಂದು ಗೈ ಹಾರಿ ಎದ್ದ. ಎಲ್ಲಿಸ್, ಮಾರ್ಲಾ, ಉನಾ ಎಲ್ಲರೂ ಕೂಗಿದರು. ನಾನೂ ಕೂಗಿದ್ದೆ.

"ಏನಾಯ್ತು? ಮುಚ್ಚಳ ತಾನೆ?" ಡೇಲ್ ಕಂಗಾಲಾದ.

"ಮುಚ್ಚಳ ಮಗುಚಿದ್ರೆ ಹಡಗೂ ಮಗುಚುತ್ತೆ ಕಣೋ," ಎಂದಳು ಮಾರ್ಲಾ.

"ನೋಡಿದ್ಯಾ ಎಲ್ಲಿಸ್?" ಎಂದರು ಡಾಕ್ಟರು. "ಆಟದ ಹಡಗಿನ ಮುಚ್ಚಳಾನೂ ಮಗುಚಿಡೋಕೆ ನಮ್ಮೂರೋರ ಕೈ ಬರಲ್ಲ. ಕದ್ದೋರು ಮೂರನ್ನೂ ಸರಿಯಾಗೇ ಇಟ್ಟಿದ್ರು. ಅಂದ್ಮೇಲೆ ಅದು ಡೇಲ್ ಅಲ್ಲ. ಹೊಟ್ಟೆಕಿಚ್ಚಿಗೆ ಬಂದೋರು ದಾರ ಕಿತ್ತುಹಾಕ್ತಿದ್ರು, ಬಿಚ್ಚಿ ಸುತ್ತಿಡ್ತಿರ್ಲಿಲ್ಲ. ಹಾಗಾಗಿ ಗೈನೂ ಅಲ್ಲ. ಚೆಂದದ ದೋಣಿ ಬೇಕಿದ್ರೆ ಮೇಲಿನದೇ ಸಿಗ್ತಿತ್ತು, ಹುಟ್ಟನ್ನೂ ಒಯ್ತಿದ್ರು. ಮೇಲಿನವನ್ನೆಲ್ಲ ಇಳಿಸಿ, ನಡುವಿನ ನಾಲ್ಕನೇದನ್ನೇ ತಗೊಂಡು, ಉಳಿದವನ್ನ ಮತ್ತೆ ಜೋಡಿಸಿದ್ದಾರೆ. ಫೋಟೋದಲ್ಲಿ ಹ್ಯಾರಿಸ್ ಒರಗಿರೋ ದೋಣಿಯ ಅಂಕೆ ನೋಡು."

ಎಲ್ಲರೂ ಗೋಡೆಯ ಕಡೆ ತಿರುಗಿದೆವು. ದೋಣಿಯ ಮೂತಿಯಲ್ಲಿ ನಾಲ್ಕು ಎಂದಿತ್ತು.

ಉನಾ ಏಪ್ರನ್ ಜೇಬಿನಿಂದ ಪುಟ್ಟ ದೋಣಿಯನ್ನು ತೆಗೆದಳು. "ಆ ಹುಡುಗನ ತಲೆಗೆ ಕಟ್ತೀಯ ಅಂತ ಗೊತ್ತಿರ್ಲಿಲ್ಲ ಎಲ್ಲಿಸ್. ತಪ್ಪಾಯ್ತಪ್ಪ, ಡೇಲ್."

"ಕೇಳಿದ್ರೆ ಕೊಡ್ತಿರ್ಲಿಲ್ವೇನೇ?"

"ಏನಂತ ಕೇಳ್ಲಿ? ಅವತ್ತು ಹಡಗು ಬಂತು ಅಂತ ದಡಕ್ಕೆ ಓಡಿದ್ದೆ. ನೀನು ಇಳಿದೆ. ನಾನು ನಿನ್ನ ಮುಖ ನೋಡ್ಲಿಲ್ಲ, ದೋಣಿಗಳನ್ನ ಎಣಿಸ್ದೆ. ನಾಲ್ಕನೇದು ಇರ್ಲಿಲ್ಲ. ನಿನ್ನ ಹಡಗಿನಲ್ಲಿ ಅದು ಬೆಚ್ಚಗೆ ಮಿಕ್ಕವುಗಳ ಮಧ್ಯೆ ಕೂತಿದೆ. ನಾಳೆ ಅದರಡಿ ಕೂತು ಹೆಂಗೆ ಹಾಡ್ಲಿ ನಾನು?"

 ಎಲ್ಲಿಸ್ ತಾನು ಬಂದರು ಬಿಟ್ಟ ದಿನದ ಹಡಗನ್ನು ಕಟ್ಟಿದ್ದ. ತಂಗಿಯ ಕಣ್ಣಲ್ಲಿದ್ದದ್ದು ಮರಳಿ ಬಂದ ದಿನದ ಹಡಗು.  ಅವನು ಡೇಲ್‌ನ ಕಡೆ ತಿರುಗಿದ.

"ಲೇ ಗೋಧಿ, ಬಾ ಇಲ್ಲಿ. ನಾನು ಗಂಟು ಹಾಕ್ತೀನಿ, ನೀನು ಹಿಡ್ಕೋ."

ಇಬ್ಬರೂ ಸೇರಿ ಐದು ದೋಣಿಗಳನ್ನೇ ಬಿಗಿದರು. ಆಮೇಲೆ ಎಲ್ಲಿಸ್ ಒಂದು ಜೊತೆ ಹುಟ್ಟನ್ನು ಎತ್ತಿ ಉನಾಳ ಅಂಗೈಲಿಟ್ಟ.

"ಇದನ್ನ ನೀನು ಬಿಟ್ಟು ಹೋಗಿದ್ದೆ. ಹುಟ್ಟಿಲ್ದೆ ಮನೆಗೆ ಹೆಂಗೆ ಬರ್ತಾನೆ ಅವನು?"